ಲೈಟ್ ಹೋದಾಗ ಮಾತಾಡುವ ಬನಶಂಕರಿ

ಬನಹಟ್ಟಿಯಲ್ಲಿ ಅಕ್ಕತಂಗಿಯರಿಬ್ಬರು ಬಾಗಿಲಲ್ಲಿ ನಿಂತು ಇವತ್ತು ಏನು ಪಲ್ಯ ಎಂದು ಕೇಳಿಕೊಂಡರೂ ಹೊರಗಿನಿಂದ ಬಂದವರಿಗೆ ಅದು ಜಗಳದಂತೆ ಕೇಳಿಸುತ್ತದೆ. ಒಂದಿಬ್ಬರು ಬಿಡಿಸಲು ಬಂದದ್ದೂ ಉಂಟು. ಅದರಲ್ಲಿ ಯಾರ ತಪ್ಪೂ ಇಲ್ಲ. ಓಣಿಗೆ ಹತ್ತು ಶೆಡ್ಡು, ಶೆಡ್ಡಿಗೆ ಎಂಟೋ ಹದಿನಾರೋ ಪವರ್‌ಲೂಮು, ಎಲ್ಲವೂ ಒಟ್ಟಿಗೆ ಖಟಪಟ ಎನ್ನುವ ಊರಿನಲ್ಲಿ ಮೆಲ್ಲಗೆ ಮಾತಾಡುವವನು ಹಸಿದುಕೊಂಡೇ ಮಲಗಬೇಕಾಗುತ್ತದೆ. ಆದ್ದರಿಂದ ಇಲ್ಲಿನವರು ಮನೆಯಲ್ಲಿ ಕೂಗಿ ಮಾತಾಡುತ್ತಾರೆ. ಶೆಡ್ಡಿನೊಳಗೆ ಕೂಗಿದರೂ ಪ್ರಯೋಜನವಿಲ್ಲದ ಕಾರಣ ತುಟಿಯಿಂದ, ಕೈಯಿಂದ ಮಾತಾಡುತ್ತಾರೆ.

ಈ ಎರಡನೆಯ ಭಾಷೆಯಲ್ಲಿ ಬನಶಂಕರಿಯನ್ನು ಮೀರಿಸುವವರು ಇರಲಿಲ್ಲ. ಹೆಬ್ಬೆರಳು ತುಟಿಗೆ ಮುಟ್ಟಿಸಿದರೆ ಚಹಾ. ಮೀಸೆ ತಿರುವಿದಂತೆ ಮಾಡಿದರೆ ಮಾಲೀಕ ಬಂದ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ. ಅಂಗೈ ಅಡ್ಡಡ್ಡ ಬೀಸಿದರೆ ಇಲ್ಲ, ಬರುವುದಿಲ್ಲ, ಆಗುವುದಿಲ್ಲ, ಮೂರಕ್ಕೂ ಅದೇ. ಇಷ್ಟೇ ಸನ್ನೆಗಳಲ್ಲಿ ಅವಳು ಮದುವೆ ಮಾತುಕತೆಯಿಂದ ಹಿಡಿದು ನಾದಿನಿಯ ಮೇಲಿನ ಚಾಡಿಯವರೆಗೆ ಎಲ್ಲವನ್ನೂ ಹೇಳಬಲ್ಲಳು, ಹದಿನಾರು ಮಗ್ಗಗಳ ಆಚೆ ತುದಿಯಲ್ಲಿ ಕೂತವರಿಗೆ.

ತೇರದಾಳದಲ್ಲಿ ಹುಟ್ಟಿದವಳು. ಅಲ್ಲಿನ ಸಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ದಿನಾ ಪೇಪರಿನ ಸುದ್ದಿ ಓದುತ್ತಿದ್ದವಳು ಅವಳೇ. ನಾಲ್ಕು ನೂರು ಮಕ್ಕಳು ಬಾಯಿ ಮುಚ್ಚಿಕೊಂಡು ತನ್ನ ಮಾತು ಕೇಳುತ್ತಿದ್ದ ಆ ಐದು ನಿಮಿಷದ ರುಚಿ ಅವಳಿಗೆ ಎಂದೂ ಹೋಗಲಿಲ್ಲ. ಹತ್ತೊಂಬತ್ತಕ್ಕೆ ಮದುವೆಯಾಗಿ ಬನಹಟ್ಟಿಗೆ ಬಂದಳು. ಗಂಡ ಸುಭಾಷ್ ಮಗ್ಗ ರಿಪೇರಿ ಮಾಡುವ ಜಾಬರ್. ಬಂದ ತಿಂಗಳಲ್ಲೇ ರೇವಪ್ಪನವರ ಶೆಡ್ಡಿನಲ್ಲಿ ಕಂಡಿಕೆ ಸುತ್ತಲು ಕೂತಳು. ಲಾಳಿಯ ಹೊಟ್ಟೆಯಲ್ಲಿ ಕೂರುವ ಗೇಣುದ್ದದ ಕಡ್ಡಿಗೆ ನೂಲು ಸುತ್ತುವ ಕೆಲಸ ಅದು. ಇಪ್ಪತ್ತು ವರ್ಷ ಸುತ್ತಿದಳು. ಲೈಟ್ ಹೋಗಿ ಮಗ್ಗ ನಿಂತಾಗ ಉಳಿದವರು ಕಟ್ಟೆಗೆ ಹೋದರೆ ಅವಳು ಮನೆಗೆಲಸಕ್ಕೆ ಓಡುತ್ತಿದ್ದಳು. ಆ ಇಪ್ಪತ್ತು ವರ್ಷದಲ್ಲಿ ಅವಳ ದನಿ ಹೇಗಿದೆ ಎಂದು ಶೆಡ್ಡಿನ ಒಬ್ಬರಿಗೂ ತಿಳಿಯಲಿಲ್ಲ. ಮಾತೆಂದರೆ ಪ್ರಾಣ ಬಿಡುವ ಹೆಣ್ಣಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕೆ?

ಮನೆಯಲ್ಲೂ ಅದೇ ಕಥೆ. ಅತ್ತೆ ಮುತ್ತವ್ವ ನಲವತ್ತು ವರ್ಷ ಶೆಡ್ಡಿನಲ್ಲಿ ದುಡಿದು ಎರಡೂ ಕಿವಿ ಕಳೆದುಕೊಂಡವಳು. ಆದರೆ ಅವಳಿಗೆ ಯಾರ ಮಾತೂ ತಪ್ಪುತ್ತಿರಲಿಲ್ಲ. ಎದುರು ಮನೆಯ ಕಟ್ಟೆಯ ಮೇಲೆ ಇಬ್ಬರು ಪಿಸುಗುಟ್ಟಿದರೂ ತುಟಿ ನೋಡಿ ಇಲ್ಲಿಂದಲೇ ಉತ್ತರ ಕೊಡುತ್ತಿದ್ದಳು. ಓಣಿಯವರು ಅವಳಿಗೆ ಬೆನ್ನು ಮಾಡಿಯೇ ಗುಟ್ಟು ಮಾತಾಡುತ್ತಿದ್ದರು.

ಒಂದು ದಿನ ರೇವಪ್ಪನವರು ಕಂಡಿಕೆ ಸುತ್ತುವ ಯಂತ್ರ ತಂದರು. ಆರು ಹೆಂಗಸರು ಕೆಲಸ ಹೋಗಿ ಮನೆ ಸೇರಿದರು. ಐದು ಮಂದಿ ಬೇರೆ ಬೇರೆ ಶೆಡ್ಡು ಹುಡುಕಿಕೊಂಡರು. ಬನಶಂಕರಿ ಮಾತ್ರ ಗೋಡೆಗೆ ಅಂಟಿಸಿದ ಒಂದು ಚೀಟಿಯನ್ನು ಓದಿ, ಸೀರೆ ಬದಲಿಸಿ, ಯಾರಿಗೂ ಹೇಳದೆ ಲಾಳಿ ಬಾನುಲಿಗೆ ಹೋದಳು.

ಲಾಳಿ ಬಾನುಲಿ ಎಂದರೆ ನೇಕಾರರೇ ಸೇರಿ ಶುರು ಮಾಡಿದ ಊರಿನ ಸ್ವಂತ ರೇಡಿಯೋ. ಹಳೆಯ ನೂಲಿನ ಗೋದಾಮಿನ ಮೇಲೆ ಎರಡು ಕೋಣೆ, ಮಾಳಿಗೆಯ ಮೇಲೊಂದು ಕಂಬ. ದನಿ ಗುಂಯ್‌ಗುಡಬಾರದೆಂದು ಮಾತಾಡುವ ಕೋಣೆಯ ಗೋಡೆಗಳಿಗೆಲ್ಲ ಕೌದಿ ಹೊದಿಸಿದ್ದರು. ರಬಕವಿ, ಬನಹಟ್ಟಿ ಪೂರ್ತಿ ಕೇಳಿಸುತ್ತಿತ್ತು. ದೇವರು ಮನಸ್ಸು ಮಾಡಿದರೆ ತೇರದಾಳಕ್ಕೂ ಕೇಳಿಸುತ್ತಿತ್ತು. ಶುರುವಿನಲ್ಲಿ ಓಣಿಗೆ ನಾಲ್ಕರಂತೆ ಸೆಲ್ ಹಾಕುವ ಸಣ್ಣ ರೇಡಿಯೋ ಹಂಚಿದ್ದರು. ಚೀಟಿಯಲ್ಲಿ ಬರೆದದ್ದು ಇಷ್ಟೇ: ನೇಕಾರ ಮನೆತನದ ಒಬ್ಬರಿಗೆ ಮೂರು ತಿಂಗಳ ತರಬೇತಿ, ಆಮೇಲೆ ಒಪ್ಪಿಗೆಯಾದರೆ ಕಾಯಂ ನಿರೂಪಕರ ಕೆಲಸ.

ಒಪ್ಪಬೇಕಾದವರು ಪರಮಾನಂದ ಮಾಸ್ತರರು. ಸರ್ಕಾರಿ ರೇಡಿಯೋದಲ್ಲಿ ಮೂವತ್ತು ವರ್ಷ ಮಾತಾಡಿ ನಿವೃತ್ತರಾದವರು. ದಿನಾ ಜಮಖಂಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಡಿಯಾರವೇ ತಮ್ಮನ್ನು ನೋಡಿ ಟೈಮು ಸರಿಮಾಡಿಕೊಳ್ಳಬೇಕು ಎನ್ನುವಂಥ ಶಿಸ್ತು. ಬಂದಿದ್ದ ಹನ್ನೊಂದು ಮಂದಿಗೂ ಅವರು ಕೇಳಿದ್ದು ಒಂದೇ ಪ್ರಶ್ನೆ, ನಿಮಗೆ ರೇಡಿಯೋ ಯಾಕೆ ಬೇಕು. ಉಳಿದವರು ಸೇವೆ, ಸಂಸ್ಕೃತಿ, ಸಮಾಜ ಎಂದರು.

“ಇಪ್ಪತ್ತು ವರ್ಷ ಆತ್ರಿ ಸರ, ನಾ ಮಾತಾಡಿದ್ದು ಯಾರಿಗೂ ಕೇಳಿಲ್ಲ” ಎಂದಳು ಬನಶಂಕರಿ.

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮರುದಿನದಿಂದ ಬರಲು ಹೇಳಿದರು.

ಮನೆಯಲ್ಲಿ ಸುಭಾಷ್ ನಕ್ಕ. ಹೆಂಡತಿಯ ಹಟ ಅವನಿಗೆ ಗೊತ್ತು. ಮುತ್ತವ್ವ ಮಾತ್ರ ಮುಖ ತಿರುಗಿಸಿದಳು. “ತುಟಿ ಕಾಣದ ಮಾತು ಯಾರಿಗಬೇ ಬೇಕು?” ಎಂದಳು. ಅವಳ ಪಾಲಿಗೆ ರೇಡಿಯೋ ಒಂದು ಡಬ್ಬಿ, ಅದಕ್ಕೆ ಬಾಯಿಯೇ ಇಲ್ಲ. ಅಂಥದ್ದರ ಮುಂದೆ ಕೂತು ಹರಟುವುದಕ್ಕೆ ಸೊಸೆ ಮೂರು ತಿಂಗಳ ದುಡಿಮೆ ಕಳೆದುಕೊಳ್ಳುತ್ತಾಳಲ್ಲ ಎಂದು ಮುದುಕಿಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಬನಶಂಕರಿಗೂ ಆ ಮಾತು ನಾಟಿತು. ಕೆಲಸ ಕಾಯಂ ಆಗದೆ ಮನೆಗೆ ಬಂದರೆ ಈ ಮುಖವನ್ನು ದಿನಾ ನೋಡಬೇಕಲ್ಲ ಎಂದು ಅಂದೇ ಹೆದರಿದಳು.

ಮೊದಲ ದಿನ ಮೈಕಿನ ಮುಂದೆ ಕೂತು ನಮಸ್ಕಾರ ಎಂದಳು. ಯಂತ್ರದ ಮೇಲಿನ ಹಸಿರು ದೀಪಗಳೆಲ್ಲ ಒಮ್ಮೆಲೇ ಕೆಂಪಾದವು. ಗಾಜಿನಾಚೆ ಯಂತ್ರ ನೋಡಿಕೊಳ್ಳುವ ಮಾಂತೇಶ ಕಿವಿಯ ಮೇಲಿನ ಹೆಡ್‌ಫೋನನ್ನು ಕಿತ್ತೆಸೆದ. ಮಾಸ್ತರರು ಒಳಗೆ ಬಂದು, ಮೈಕಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ, ಅದು ಬನಹಟ್ಟಿಯದಲ್ಲ ಎಂದರು. ಆಮೇಲೆ ಒಂದು ನೂಲಿನ ಎಳೆ ತರಿಸಿ ಮೈಕಿನ ಮುಂದೆ ಇಳಿಬಿಟ್ಟರು. ಮಾತಾಡಬೇಕು, ಎಳೆ ಅಲ್ಲಾಡಬಾರದು. ಅದೇ ಪಾಠ.

ಹೇಳುವುದು ಸುಲಭ. ಪ ಎಂದರೆ ಎಳೆ ಹಾರುತ್ತಿತ್ತು, ಭ ಎಂದರೆ ಕುಣಿಯುತ್ತಿತ್ತು. ಬನಶಂಕರಿ ಮನೆಯಲ್ಲೂ ಗೋಡೆಯ ಗೂಡಿನಿಂದ ಒಂದು ಎಳೆ ಇಳಿಬಿಟ್ಟಳು. ರೊಟ್ಟಿ ಬಡಿಯುತ್ತ ಅದರ ಜೊತೆ ಮಾತಾಡಿದಳು. ಭಾಂಡೆ, ಭಜಿ, ಭಾವ, ಭರಮಪ್ಪ ಎಂದು ನೂರು ಸಲ ಹೇಳಿದಳು. ಆಚೆ ಮನೆಯವರು ಇವಳಿಗೇನೋ ಬಡಿದುಕೊಂಡಿದೆ ಎಂದು ಸುಭಾಷನನ್ನು ಕರೆದು ಕೇಳಿದರಂತೆ. ಆದರೆ ಇಪ್ಪತ್ತು ವರ್ಷ ಹರಿದ ಎಳೆ ಹಿಡಿದು ಗಂಟು ಹಾಕಿದವಳಿಗೆ ಎಳೆಯನ್ನು ಪಳಗಿಸುವುದು ಗೊತ್ತಿರದೆ ಏನು? ಆರನೇ ವಾರಕ್ಕೆ ಅವಳು ಒಂದಿಡೀ ಪ್ರಕಟಣೆ ಓದಿದರೂ ಎಳೆ ನೆಟ್ಟಗೆ ನಿಂತಿರುತ್ತಿತ್ತು. ಮಾಸ್ತರರು ಹೊಗಳುವವರಲ್ಲ, ಅಂದು ಮಾತ್ರ ಚಹಾ ತರಿಸಿದರು.

ಏಳನೇ ವಾರ ಬೆಳಗಿನ ‘ಊರ ಸುದ್ದಿ’ಯನ್ನು ನೇರ ಪ್ರಸಾರದಲ್ಲಿ ಹೇಳಲು ಅವಳನ್ನು ಕೂರಿಸಿದರು. ಓದಬೇಡ, ಎದುರಿಗಿರುವ ಒಬ್ಬರಿಗೆ ಹೇಳಿದ ಹಾಗೆ ಹೇಳು ಎಂದು ಕಿವಿಮಾತು ಹೇಳಿದ್ದರು. ಅಷ್ಟೇ ಸಾಕಾಯಿತು. ಎದುರಿಗಿದ್ದವನು ಗಾಜಿನಾಚೆಯ ಮಾಂತೇಶ. ಬನಶಂಕರಿ ಅವನನ್ನೇ ನೋಡುತ್ತ, ತಣ್ಣಗೆ, ಸ್ಪಷ್ಟವಾಗಿ, “ನಾಳೆ ನಮ್ಮ ಊರಿಗೆ ನಳದ ನೀರು” ಎಂದು ಹೇಳಿ ಅಂಗೈಯನ್ನು ಅಡ್ಡಡ್ಡ ಬೀಸಿದಳು. ಮಾಂತೇಶನೂ ನೇಕಾರರ ಮನೆಯವನೇ. ಅವನು ಎಲ್ಲವನ್ನೂ ಅರ್ಥಮಾಡಿಕೊಂಡು ತಲೆಯಾಡಿಸಿದ. ಇವಳು ಮುಂದಿನ ಸುದ್ದಿಗೆ ಹೋದಳು.

ಕೇಳುತ್ತಿದ್ದವರಿಗೆ ಕೈ ಕಾಣಲಿಲ್ಲ. ನಾಳೆ ನಳದ ನೀರು ಎಂದರೆ ನಾಳೆ ನಳದ ನೀರು ಬರುತ್ತದೆ, ಇನ್ನೇನು? ನಿಂತ ನೀರನ್ನು ಚೆಲ್ಲಿ, ಕೊಡ ತಿಕ್ಕಿ, ಹೊಸ ನೀರಿಗೆ ಸಿದ್ಧವಾಗಿ ಕೂರುವುದು ಇಲ್ಲಿನ ಹೆಂಗಸರ ರೂಢಿ. ಮರುದಿನ ಹತ್ತು ಗಂಟೆಗೆ ಗೋದಾಮಿನ ಮೆಟ್ಟಿಲ ಮೇಲೆ ಫಳಫಳ ಹೊಳೆಯುವ ಮೂವತ್ತು ಖಾಲಿ ಕೊಡಗಳೂ ಅವುಗಳ ಹಿಂದೆ ಮೂವತ್ತು ಹೆಂಗಸರೂ ನಿಂತಿದ್ದರು. ಅವರು ಏನೇನು ಅಂದರೆಂದು ಬರೆಯುವುದು ಬೇಡ. ಅವರ ದನಿಗೆ ಮಾತ್ರ ಮೈಕು ಬೇಕಿರಲಿಲ್ಲ.

ಎಲ್ಲರೂ ಹೋದ ಮೇಲೆ ಮಾಸ್ತರರು ಬನಶಂಕರಿಯನ್ನು ಕೂರಿಸಿಕೊಂಡರು. ಬಯ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವರು ಬಯ್ಯಲಿಲ್ಲ.

“ತಂಗೀ, ನಿನ್ನ ಅರ್ಧ ಮಾತು ಕೈಯಾಗ ಐತಿ. ರೇಡಿಯೋಕ್ಕ ಕೈ ಇಲ್ಲ.”

ಅಂದೇ ಕೇಂದ್ರದ ನಿಯಮಗಳ ಕರಿಹಲಗೆಯ ಮೇಲೆ ಏಳನೆಯದಾಗಿ ಒಂದು ಸಾಲು ಸೇರಿತು: ತರಬೇತಿಯಲ್ಲಿರುವವರು ನೇರ ಪ್ರಸಾರದಲ್ಲಿ ಮಾತಾಡಕೂಡದು. ತರಬೇತಿಯಲ್ಲಿದ್ದವಳು ಒಬ್ಬಳೇ. ಬನಶಂಕರಿ ಅಂದು ಮನೆಗೆ ಹೋಗುವ ದಾರಿಯಲ್ಲಿ ಅತ್ತಳು. ನಾಚಿಕೆಯಿಂದ ಅತ್ತಳು, ಸಿಟ್ಟಿನಿಂದಲೂ ಅತ್ತಳು. ತನ್ನ ಕೈಗಳ ಮೇಲೆಯೇ ಅವಳಿಗೆ ಸಿಟ್ಟು ಬಂದಿತ್ತು.

ಮರುದಿನದಿಂದ ಹೊಸ ಅಭ್ಯಾಸ. ಎರಡೂ ಕೈಯಲ್ಲಿ ಒಂದೊಂದು ಖಾಲಿ ಕಂಡಿಕೆ ಬಿಗಿಯಾಗಿ ಹಿಡಿದುಕೊಂಡು ಎಳೆಯ ಮುಂದೆ ಕೂರುತ್ತಿದ್ದಳು. ಕೈ ಮೇಲೇಳಲು ಹೊರಟರೆ ಕಂಡಿಕೆ ನೆನಪಿಸುತ್ತಿತ್ತು. ಮಾತು ಬಾಯಿಂದಲೇ ಮುಗಿಯಬೇಕು. ಮೊದಮೊದಲು ಅರ್ಧದಲ್ಲಿ ತಡವರಿಸಿ ನಿಲ್ಲುತ್ತಿದ್ದಳು. ನಿಧಾನಕ್ಕೆ ಮಾತಿಗೆ ಬಾಲ ಮೂಡಿತು. ಆದರೆ ಅದನ್ನು ಕೇಳುವವರು ಯಾರು? ನೇರ ಪ್ರಸಾರ ಬಂದ್. ಅವಳ ಪಾಲಿಗೆ ಉಳಿದದ್ದು ಮಾಸ್ತರರ ಚೀಟಿಗಳನ್ನು ಜೋಡಿಸುವುದು, ಕೌದಿಗಳ ಧೂಳು ಝಾಡಿಸುವುದು, ಫೋನಿನ ಮುಂದೆ ಕೂರುವುದು.

ಫೋನಿನ ಮುಂದೆ ಕೂತದ್ದೇ ಒಳ್ಳೆಯದಾಯಿತು. ಅದು ಹೊಡೆದುಕೊಳ್ಳುತ್ತಲೇ ಇರಲಿಲ್ಲ. ಮಾಸ್ತರರ ಮುದ್ದಿನ ಕಾರ್ಯಕ್ರಮ ‘ನೇಕಾರರ ಪಾಳಿ’, ದಿನಾ ಹನ್ನೊಂದರಿಂದ ಹನ್ನೆರಡು. ನೇಕಾರರಿಗಾಗಿಯೇ ಕಷ್ಟಪಟ್ಟು ಮಾಡಿದ್ದು. ಎರಡು ತಿಂಗಳಲ್ಲಿ ಅದಕ್ಕೆ ಬಂದ ಫೋನು ಹದಿನೇಳು, ಅದರಲ್ಲಿ ನಾಲ್ಕು ತಪ್ಪು ನಂಬರು. ಮಾಸ್ತರರಿಗೆ ಒಳಗೊಳಗೇ ನೋವು. ಈ ಊರಿನವರಿಗೆ ಕೇಳುವ ಅಭಿರುಚಿಯೇ ಇಲ್ಲ ಎಂದು ಗೊಣಗುತ್ತಿದ್ದರು.

ಬನಶಂಕರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹನ್ನೊಂದು ಗಂಟೆಗೆ ಬನಹಟ್ಟಿಯ ಪ್ರತಿಯೊಂದು ಮಗ್ಗವೂ ಓಡುತ್ತಿರುತ್ತದೆ. ಆ ಹೊತ್ತಿಗೆ ಶೆಡ್ಡಿನೊಳಗೆ ಗುಡುಗು ಬಿದ್ದರೂ ಕೇಳುವುದಿಲ್ಲ, ಇನ್ನು ರೇಡಿಯೋ! ನೇಕಾರ ರೇಡಿಯೋ ಕೇಳುವುದಾದರೆ ಅದು ಒಂದೇ ಹೊತ್ತಿನಲ್ಲಿ, ಲೈಟ್ ಹೋದಾಗ. ಮಗ್ಗ ನಿಲ್ಲುತ್ತವೆ, ಊರು ಕಟ್ಟೆಗೆ ಬಂದು ಕೂರುತ್ತದೆ, ಮಾಡಲು ಏನೂ ಕೆಲಸವಿರುವುದಿಲ್ಲ. ಒಂದು ರಜೆಯ ದಿನ ಅವಳು ಮನೆಯಲ್ಲಿದ್ದಾಗ ಹಾಗೇ ಲೈಟ್ ಹೋಯಿತು. ಓಣಿಯ ನಾಲ್ಕೂ ರೇಡಿಯೋಗಳನ್ನು ಯಾರ‍್ಯಾರೋ ಹಚ್ಚಿದ್ದು ಕಂಡಿತು. ನಾಲ್ಕರಿಂದಲೂ ಬಂದದ್ದು ಸೊಂಯ್ ಎನ್ನುವ ಸದ್ದು. ಯಾಕೆಂದರೆ ಕರಿಹಲಗೆಯ ಮೂರನೆಯ ಸಾಲು ಹೀಗಿತ್ತು: ಕರೆಂಟ್ ಹೋದ ಕೂಡಲೇ ಪ್ರಸಾರ ನಿಲ್ಲಿಸುವುದು. ಕೇಂದ್ರದ ಬ್ಯಾಟರಿಗೆ ಮುಕ್ಕಾಲು ಗಂಟೆಯ ಜೀವ. ಅದನ್ನು ಯಂತ್ರಕ್ಕೆ ಏಟು ಬೀಳದಂತೆ ನಿಧಾನಕ್ಕೆ ಮಲಗಿಸಲು ಇಟ್ಟಿದ್ದರು. ಊರಿಗೆ ಕಿವಿ ಬರುವ ಹೊತ್ತಿಗೆ ಸರಿಯಾಗಿ ಊರಿನ ರೇಡಿಯೋ ಮೂಕಾಗುತ್ತಿತ್ತು. ಎಂಥ ಶಾಣೇತನ!

ಅವಳು ಇದನ್ನು ಮಾಸ್ತರರಿಗೆ ಹೇಳದೆ ಇರಲಿಲ್ಲ. ಅವರು ತಾಳ್ಮೆಯಿಂದ ಕೇಳಿ, ಕಾರ್ಯಕ್ರಮಕ್ಕೆ ಗೊತ್ತಾದ ವೇಳೆ ಎಂಬುದೊಂದು ಇರಬೇಕು, ಲೈಟ್ ಯಾವಾಗ ಹೋಗುತ್ತದೆಂದು ಪಟ್ಟಿಯಲ್ಲಿ ಬರೆಯಲಾಗುತ್ತದೆಯೇ ಎಂದು ಕೇಳಿದರು. ಕೊಡಗಳ ಪ್ರಕರಣ ಆಗಿ ಹದಿನೈದು ದಿನವೂ ಆಗಿರಲಿಲ್ಲ. ಬನಶಂಕರಿ ಚೀಟಿ ಜೋಡಿಸಲು ಹೋದಳು.

ತರಬೇತಿ ಮುಗಿಯಲು ಆರು ದಿನ ಉಳಿದಿದ್ದವು. ಅಂದು ಬುಧವಾರ. ಮಾಸ್ತರರು ಹಿನ್ನೀರಿನ ದಂಡೆಯ ಮೀನುಗಾರರೊಬ್ಬರ ಮಾತು ಮುದ್ರಿಸಿಕೊಳ್ಳಲು ನಸುಕಿನಲ್ಲೇ ಬೀಳಗಿಗೆ ಹೋಗಿದ್ದರು. ಕೇಂದ್ರದಲ್ಲಿ ಮಾಂತೇಶ ಮತ್ತು ಅವಳು. ‘ನೇಕಾರರ ಪಾಳಿ’ಯ ಮುದ್ರಿತ ಭಾಗ ಓಡುತ್ತಿತ್ತು. ಹನ್ನೊಂದೂವರೆಗೆ ಲೈಟ್ ಹೋಯಿತು.

ಮಗ್ಗಗಳು ಒಂದರ ಹಿಂದೊಂದು ನಿಂತವು. ಕಿಟಕಿಯಿಂದ ಮೊದಲು ಒಂದು ಕುಕ್ಕರಿನ ಸೀಟಿ ಕೇಳಿಸಿತು, ಆಮೇಲೆ ಯಾರದೋ ಕೂಸು, ಆಮೇಲೆ ಗುಬ್ಬಿಗಳು. ಮಾಂತೇಶ ರೂಢಿಯಂತೆ ಗುಂಡಿಯ ಕಡೆ ಕೈ ಚಾಚಿದ. ಬನಶಂಕರಿ ಅವನ ಕೈ ಹಿಡಿದಳು.

“ಬಂದ್ ಮಾಡಬ್ಯಾಡೋ. ನಾ ಒಳಗ ಹೋಗ್ತೇನಿ.”

ಮಾಂತೇಶ ಬೆವತುಹೋದ. “ಅಕ್ಕಾರ, ಸರ್ ನನ್ನ ಚರ್ಮಾ ಸುಲೀತಾರ” ಎಂದ. ಎಲ್ಲವನ್ನೂ ನನ್ನ ಮೇಲೆ ಹೇಳು, ನೀನು ತಡೆದೆ, ನಾನು ಕೇಳಲಿಲ್ಲ ಎನ್ನು ಎಂದು ಅವಳು ಹೇಳಿಕೊಟ್ಟಳು. ಧೈರ್ಯಕ್ಕೆ ಹೇಳಿದ ಮಾತು ಅಷ್ಟೇ. ಮೂರನೆಯ ನಿಯಮ, ಏಳನೆಯ ನಿಯಮ, ಎರಡನ್ನೂ ಒಂದೇ ಏಟಿಗೆ ಮುರಿದರೆ ಕಾಯಂ ಆಗುವ ಮಾತೇ ಇಲ್ಲ. ಆರು ದಿನ ಸುಮ್ಮನಿದ್ದರೆ ಅರ್ಧ ಆಸೆಯಾದರೂ ಇತ್ತು. ಆದರೆ ಹೊರಗೆ ಕಟ್ಟೆಕಟ್ಟೆಯ ಮೇಲೆ ಬಂದು ಕೂರುತ್ತಿರುವ ಮುಖಗಳು ಅವಳ ಕಣ್ಣಿಗೆ ಕಟ್ಟಿದವು. ಇಪ್ಪತ್ತು ವರ್ಷ ಅವಳನ್ನು ಕೇಳದ ಮುಖಗಳು. ಈಗ ಅವರಿಗೆ ಕೇಳಿಸುತ್ತದೆ. ಈಗಲೂ ಅವರಿಗೆ ಸೊಂಯ್ ಎನ್ನುವ ಸದ್ದನ್ನೇ ಕೊಡುವುದೆಂದರೆ ಅವಳಿಂದ ಆಗಲಿಲ್ಲ.

ಒಳಗೆ ಹೋಗಿ ಕೂತಳು. ಎರಡೂ ಕೈಗೆ ಕಂಡಿಕೆ ತೆಗೆದುಕೊಂಡಳು. ಎಳೆ ನೆಟ್ಟಗೆ ನಿಂತಿತು. ಗಾಜಿನಾಚೆ ಮಾಂತೇಶ ದೇವರನ್ನು ನೆನೆದು ಬೆರಳು ತೋರಿಸಿದ.

“ಲೈಟ್ ಹೋಗೇತಿ. ಮಗ್ಗ ನಿಂತಾವು. ಈಗ ನಿಮಗ ನನ್ನ ಮಾತು ಕೇಳತೈತಿ. ನಾನು ಬನಶಂಕರಿ, ರೇವಪ್ಪನವರ ಶೆಡ್ಡಿನ್ಯಾಗ ಕಂಡಿಕಿ ಸುತ್ತತಿದ್ದಾಕಿ. ಇಪ್ಪತ್ತು ವರ್ಷ ನಿಮ್ಮ ಜೋಡಿ ಕೈಲೆ ಮಾತಾಡೇನಿ. ಇವತ್ತ ಬಾಯಿಲೆ ಮಾತಾಡತೇನಿ.”

ಮೆಲ್ಲಗೆ, ಅವಸರವಿಲ್ಲದೆ, ಬಾಜೂಕೆ, ಪಕ್ಕದಲ್ಲೇ, ಕೂತವರಿಗೆ ಹೇಳಿದಂತೆ ಹೇಳಿದಳು. ಎಳೆ ಅಲ್ಲಾಡಲಿಲ್ಲ. ಬಟ್ಟೆ ವ್ಯಾಪಾರದ ಸುದ್ದಿ ಹೇಳಿದಳು, ನಾಳೆಯ ಕಣ್ಣಿನ ಶಿಬಿರದ ಜಾಗ ಹೇಳಿದಳು, ಸಾವಳಗಿಯ ಬಸ್ಸಿನ ಬದಲಾದ ವೇಳೆ ಹೇಳಿದಳು. ಆಮೇಲೆ ಚೀಟಿಗಳನ್ನು ಬದಿಗಿಟ್ಟಳು. ಹದಿನಾಲ್ಕನೇ ಮಗ್ಗದ ಕಾಮಣ್ಣನವರನ್ನು ಒಂದು ಮಾತು ಕೇಳಬೇಕೆಂದು ಎಂಟು ವರ್ಷದಿಂದ ಇದ್ದೇನೆ, ಕೈಯಲ್ಲಿ ಕೇಳಲು ಬರಲಿಲ್ಲ ಎಂದಳು. ದಿನಾ ಮಗ್ಗ ಓಡಿಸುವಾಗ ನಿಮ್ಮ ತುಟಿ ಅಲ್ಲಾಡುತ್ತಿರುತ್ತದೆ, ನನಗೆ ಓದಲು ಬರದ ತುಟಿ ಶೆಡ್ಡಿನಲ್ಲಿ ಅದೊಂದೇ, ಏನು ಹೇಳುತ್ತಿರುತ್ತೀರಿ ಎಂದು ಕೇಳಿದಳು.

ಫೋನು ಹೊಡೆದುಕೊಂಡಿತು. ಮಾಂತೇಶ ಅದನ್ನು ಯಂತ್ರಕ್ಕೆ ಜೋಡಿಸಿದ.

“ತಂಗೆವ್ವಾ, ನಾ ಕಾಮಣ್ಣ” ಎಂದಿತು ಒಂದು ಒರಟು ದನಿ. “ಬಾಜೂಕನ ಕುಂತಿದ್ದಿ ಇಷ್ಟ ವರ್ಷ. ನಿನ್ನ ದನಿ ಹಿಂಗೈತಿ ಅಂತ ಗೊತ್ತಿದ್ದಿದ್ದಿಲ್ಲ.”

ಬನಶಂಕರಿ ಕಂಡಿಕೆಗಳನ್ನು ಬಿಗಿಯಾಗಿ ಹಿಡಿದಳು. ಕಾಮಣ್ಣ ತನ್ನ ಗುಟ್ಟು ಬಿಟ್ಟುಕೊಟ್ಟ. ಸೊಲ್ಲಾಪುರಕ್ಕೆ ಮದುವೆಯಾಗಿ ಹೋದ ಮಗಳ ಜೊತೆ, ಅವಳು ಎದುರಿಗೇ ಇದ್ದಂತೆ, ಮಾತಾಡುತ್ತಾನಂತೆ, ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲವೆಂದು. ಅವನ ತಾಯಿಯ ಕಡೆಯವರು ಸೊಲ್ಲಾಪುರದವರು, ಮಗಳ ಜೊತೆ ಮರಾಠಿಯಲ್ಲಿ ಮಾತು. ಇವಳಿಗೆ ತುಟಿ ಓದಲು ಬರದೆ ಇದ್ದದ್ದು ಅದಕ್ಕೇ.

ಅಲ್ಲಿಂದ ಮುಂದೆ ಮಂದಿ ಫೋನು ಇಡಲು ಬಿಡಲಿಲ್ಲ. ರಬಕವಿಯಿಂದ ಗಂಗಾಂಬಿಕಾ ಎಂಬ ಮುದುಕಿ ಫೋನು ಮಾಡಿ, ಕೈಮಗ್ಗದ ಕಾಲದಲ್ಲಿ ಓಣಿಯಲ್ಲಿ ಎಷ್ಟು ಹಾಡು ಕೇಳುತ್ತಿತ್ತು, ಯಂತ್ರ ಬಂದು ಎಲ್ಲವನ್ನೂ ನುಂಗಿತು ಎಂದು ಬಯ್ದಳು. ಒಬ್ಬ ಹುಡುಗಿ ಪರೀಕ್ಷೆಯ ದಿನ ಕೇಳಿದಳು. ಒಬ್ಬ ಗಂಡ, ಪಕ್ಕದ ಶೆಡ್ಡಿನಲ್ಲಿರುವ ತನ್ನ ಹೆಂಡತಿಗೆ ಕೀಲಿ ಎಲ್ಲಿದೆ ಎಂದು ಹೇಳಬೇಕೆಂದ. ಕೊಡ ಹೊತ್ತು ಬಂದಿದ್ದ ಮೂವತ್ತು ಮಂದಿಯಲ್ಲಿ ಒಬ್ಬಳಾದ ಪೂರ್ಣಿಮಾ ಎನ್ನುವವಳು ಫೋನು ಮಾಡಿ, ನಾಳೆ ನೀರು ಬರತೈತೋ ಇಲ್ಲೋ, ಕೈ ಮಾಡಬ್ಯಾಡ, ಬಾಯಿಲೆ ಹೇಳು ಎಂದಳು. ಊರಿಗೆ ಊರೇ ನಕ್ಕಿತು. ಆ ನಗು ಕಿಟಕಿಯಿಂದ ಬನಶಂಕರಿಗೆ ಕೇಳಿಸಿತು.

“ನಾಳೆ ನಳದ ನೀರು ಬರತೈತಿ” ಎಂದಳು ಅವಳು, ಒಂದೊಂದು ಅಕ್ಷರ ಬಿಡಿಸಿ. “ಬರತೈತಿ ಅಂತ ಬಾಯಿಲೆ ಹೇಳೇನಿ. ನನ್ನ ಎರಡೂ ಕೈ ತುಂಬೇವು.”

ನಲವತ್ತೆರಡನೆಯ ನಿಮಿಷಕ್ಕೆ ಬ್ಯಾಟರಿಯ ಒಂದೇ ಒಂದು ದೀಪ ಉಳಿದಿತ್ತು. ಆಗ ಲೈಟ್ ಬಂತು. ದೂರದಲ್ಲೊಂದು ಮಗ್ಗ ಖಟ್ ಎಂದಿತು, ಅದರ ಹಿಂದೆ ನೂರು. ಇನ್ನು ನನ್ನ ಮಾತು ನಿಮಗೆ ಕೇಳುವುದಿಲ್ಲ, ಮತ್ತೆ ಲೈಟ್ ಹೋದಾಗ ಸಿಗೋಣ ಎಂದು ಹೇಳಿ ಅವಳು ಎದ್ದಳು. ಬೆನ್ನಿನ ರವಿಕೆ ಪೂರ್ತಿ ಒದ್ದೆಯಾಗಿತ್ತು.

ಬಾಗಿಲಲ್ಲಿ ಪರಮಾನಂದ ಮಾಸ್ತರರು ನಿಂತಿದ್ದರು.

ಬೀಳಗಿಯ ಕೆಲಸ ಬೇಗ ಮುಗಿದು ಬಂದುಬಿಟ್ಟಿದ್ದರು. ಮಾಂತೇಶ ಎದ್ದು ನಿಂತು, ನಾನು ತಡೆದೆ ಸರ ಎಂದು ಹೇಳಿಕೊಟ್ಟದ್ದನ್ನು ಅರ್ಧ ಹೇಳಿ, ಪಾಪ, ಇಲ್ಲ ಸರ ತಡೀಲಿಲ್ಲ ಎಂದು ತಾನೇ ತಿದ್ದಿಕೊಂಡ. ಮಾಸ್ತರರು ಅವನನ್ನು ನೋಡಲೇ ಇಲ್ಲ. ಖುರ್ಚಿಯಲ್ಲಿ ಕೂತು ನೀರು ಕುಡಿದರು. ಆಮೇಲೆ ನಿಧಾನಕ್ಕೆ ಹೇಳಿದರು. ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಊರು ಸುಮ್ಮನಿತ್ತಂತೆ. ಓಣಿಯೊಳಗಿಂದ ನಡೆದು ಬಂದರಂತೆ. ಒಂದು ಕಟ್ಟೆಯ ರೇಡಿಯೋ ಹಿಂದೆ ಬೀಳುವಷ್ಟರಲ್ಲಿ ಮುಂದಿನ ಕಟ್ಟೆಯದು ಕೇಳಿಸುತ್ತಿತ್ತಂತೆ.

“ಬಸ್‌ಸ್ಟ್ಯಾಂಡಿನಿಂದ ಇಲ್ಲೀತನ ನಡದ ಬಂದೆ, ತಂಗಿ. ನಿನ್ನ ಒಂದ ಮಾತೂ ನನಗ ತಪ್ಪಲಿಲ್ಲ.”

ಎಷ್ಟು ಫೋನು ಎಂದು ಕೇಳಿದರು. ಮಾಂತೇಶ ತೋರಿಸಿದ, ತೆಗೆದುಕೊಂಡದ್ದು ಇಪ್ಪತ್ತಮೂರು, ತಪ್ಪಿಹೋದದ್ದು ನೂರ ಹತ್ತು. ಮಾಸ್ತರರು ಎದ್ದು ಕರಿಹಲಗೆಯ ಹತ್ತಿರ ಹೋದರು. ಹೆಗಲ ಮೇಲಿನ ವಸ್ತ್ರದ ತುದಿಯಿಂದ ಮೂರನೆಯ ಸಾಲನ್ನು ಒರೆಸಿದರು. ಸ್ವಲ್ಪ ಯೋಚಿಸಿ ಏಳನೆಯದನ್ನೂ ಒರೆಸಿದರು. ಅಲ್ಲಿಗೇ ಬಿಟ್ಟರೆ ಅವರು ಮಾಸ್ತರರಾಗುವುದು ಹೇಗೆ? ತಿರುಗಿ ನಿಂತು, ಭ ಎನ್ನುವಾಗ ಇನ್ನೂ ಉಸಿರು ಜಾಸ್ತಿ ಬೀಳುತ್ತಿದೆ, ತಿದ್ದಿಕೋ ಎಂದರು. ಕಾಯಂ ಪತ್ರಕ್ಕೆ ಆರು ದಿನ ಕಾಯಲಿಲ್ಲ. ಅಂದೇ ಸಹಿ ಹಾಕಿದರು. ಪತ್ರ ಕೊಡುವಾಗ ಅವರ ಕಣ್ಣು ತೇವವಾಗಿದ್ದವು, ಧೂಳು ಎಂದರು.

ಈಗ ಲಾಳಿ ಬಾನುಲಿಯ ಪಟ್ಟಿಯಲ್ಲಿ ವೇಳೆಯೇ ಇಲ್ಲದ ಒಂದು ಕಾರ್ಯಕ್ರಮವಿದೆ. ಬ್ಯಾಟರಿ ಎರಡಾಗಿವೆ. ಮಗ್ಗ ನಿಂತರೆ ಮೊದಲು ಲೈಟಿನವರಿಗೆ ಹಿಡಿಶಾಪ ಹಾಕುತ್ತಿದ್ದ ಮಂದಿ ಈಗ, ಬನಶಂಕರಿ ಬಂದಳು ಎನ್ನುತ್ತ ಕಟ್ಟೆಗೆ ಹೋಗುತ್ತಾರೆ. ಮುಧೋಳದಿಂದ ಇಬ್ಬರು ಹುಡುಗಿಯರು ತರಬೇತಿಗೆ ಬರುತ್ತಿದ್ದಾರೆ. ಅವರ ಮುಂದೆ ಎಳೆ ಇಳಿಬಿಡುವವಳು ಅವಳೇ.

ಇದೆಲ್ಲ ಆಮೇಲಿನ ಮಾತು. ಆ ಬುಧವಾರ ಸಂಜೆ ಪತ್ರವನ್ನು ಸೆರಗಿನಲ್ಲಿಟ್ಟುಕೊಂಡು ಅವಳು ಮನೆಗೆ ಹೋದಾಗ ಓಣಿಯ ಹೆಂಗಸರು ಸುತ್ತುವರಿದರು. ಸುಭಾಷ್ ಕೆಲಸ ಬಿಟ್ಟು ಪೇಢೆ ತಂದಿದ್ದ. ಬನಶಂಕರಿಯ ಕಣ್ಣು ಮಾತ್ರ ಅತ್ತೆಯನ್ನು ಹುಡುಕುತ್ತಿತ್ತು. ಊರೆಲ್ಲ ಕೇಳಿತು, ಮನೆಯಲ್ಲಿದ್ದ ಒಬ್ಬಳಿಗೆ ಕೇಳಲಿಲ್ಲ. ಅದೊಂದು ಮುಳ್ಳು ಎದೆಯಲ್ಲಿ ಉಳಿದಿತ್ತು.

ಮುತ್ತವ್ವ ಒಲೆಯ ಮುಂದೆ ಕೂತಿದ್ದಳು. ಸೊಸೆಯನ್ನು ಕಂಡು ಪಕ್ಕದ ಮಣೆ ಸರಿಸಿದಳು.

“ನನಗೇನೂ ಕೇಳಲಿಲ್ಲಬೇ” ಎಂದಳು. “ಲೈಟ್ ಹೋದಾಗ ಕಟ್ಟೀಮ್ಯಾಲ ಕುಂತಿದ್ದೆ. ಓಣಿ ತುಂಬ ಮಂದಿ ಕುಂತಿದ್ರು. ಅರವತ್ತು ವರ್ಷ ಆತು ಈ ಊರಿಗೆ ಬಂದು, ಹಂಗ ನಾ ಎಂದೂ ನೋಡಿಲ್ಲ. ಒಮ್ಮೆ ನಕ್ಕದ್ದ ಬಿಟ್ರ ಒಬ್ಬರ ತುಟೀನೂ ಅಲ್ಲಾಡಲಿಲ್ಲ.”

ಬನಶಂಕರಿ ಅತ್ತೆಯ ಭುಜಕ್ಕೆ ಹಣೆ ಹಚ್ಚಿ ಅತ್ತುಬಿಟ್ಟಳು. ಮುದುಕಿ ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು, ಇನ್ನು ನನಗೆ ಹೇಳು, ಮೊದಲಿನಿಂದ, ಒಂದೂ ಬಿಡದೆ ಎಂದಳು. ಸೊಸೆ ಕಣ್ಣೊರೆಸಿಕೊಂಡು ಎದುರಿಗೆ ಕೂತಳು. ದನಿ ತೆಗೆಯದೆ, ತುಟಿಯಿಂದ, ಎರಡೂ ಕೈಯಿಂದ, ನಲವತ್ತೆರಡು ನಿಮಿಷವನ್ನೂ ಮತ್ತೊಮ್ಮೆ ಹೇಳತೊಡಗಿದಳು. ಅಭ್ಯಾಸದ ಕಂಡಿಕೆಗಳು ಗೋಡೆಯ ಗೂಡಿನಲ್ಲಿದ್ದವು.